ಭಾವನ ಕೋಲ್ಡ್ ಸ್ಟೋರೇಜ್

ಮಂಗಳೂರಿನ ದೇರೆಬೈಲಿನಲ್ಲಿರುವ ನಮ್ಮ ಫ್ಲ್ಯಾಟುಗಳ ಕಟ್ಟಡಕ್ಕೆ ‘ಸೀ ಬ್ರೀಜ್’ ಎಂದು ಹೆಸರಿಟ್ಟ ಪುಣ್ಯಾತ್ಮನನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಸಿಕ್ಕಿದರೆ ಒಂದು ಏಪ್ರಿಲ್ ಮಧ್ಯಾಹ್ನ ಅವನನ್ನು ಮೇಲಿನ ಮಾಳಿಗೆಗೆ ಕರೆದುಕೊಂಡು ಹೋಗಿ, ನಮ್ಮ ಭಾವನ ಮನೆಯ ಕಿಟಕಿಯ ಹತ್ತಿರ ಕೂರಿಸಿ, ಸಮುದ್ರ ಬೇಡ ಮಾರಾಯ, ಗಾಳಿಯನ್ನಾದರೂ ತೋರಿಸು ಎಂದು ಕೇಳಬೇಕೆಂದಿದೆ. ಆ ಮನೆಯ ತಲೆಯ ಮೇಲೆ ಇರುವುದು ಬರೀ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ಸೂರ್ಯ. ಅದರ ಕೆಳಗಿನ ಮನೆಯಲ್ಲಿ ಇರುವವನು ನಾನು. ಅವರಿಗೆ ಬಿಸಿಲು ತಾಗುತ್ತದೆ, ನನಗೆ ಅವರು ತಾಗುತ್ತಾರೆ.

ಭಾವ ಎಂದರೆ ರಾಧಾಕೃಷ್ಣ ಮಾಸ್ಟ್ರು, ನನ್ನ ಅಕ್ಕ ಸತ್ಯವತಿಯ ಗಂಡ. ಅವರದ್ದು ತಲೆತಲಾಂತರದಿಂದ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆತನ. ಪೂಜೆಯನ್ನು ತಮ್ಮ ವಿಷ್ಣುಪ್ರಸಾದನಿಗೆ ಬಿಟ್ಟುಕೊಟ್ಟು ಭಾವ ನದಿಯಾಚೆಯ ಮೀನುಗಾರರ ಊರಾದ ಬೆಂಗ್ರೆಯ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸಿ ನಿವೃತ್ತರಾದರು. ನಿವೃತ್ತಿ ಶಾಲೆಯಿಂದ ಮಾತ್ರ, ಕಲಿಸುವುದರಿಂದ ಅಲ್ಲ. ಲಿಫ್ಟಿನಲ್ಲಿ ಸಿಕ್ಕಿದವರಿಗೆ ಲಿಫ್ಟು ಹೇಗೆ ಮೇಲೆ ಹೋಗುತ್ತದೆ ಎಂದು ಕಲಿಸುತ್ತಾರೆ. ಹಾಗಾಗಿ ನಮ್ಮಲ್ಲಿ ಮೆಟ್ಟಿಲು ಹತ್ತುವವರೇ ಹೆಚ್ಚು.

ಅಸೋಸಿಯೇಶನ್ ಮೀಟಿಂಗಿನಲ್ಲಿ ಒಮ್ಮೆ ಎಲ್ಲರೂ ಎಸಿ ಹಾಕಿಸಿಕೊಳ್ಳುವ ಮಾತಾಡುತ್ತಿದ್ದಾಗ ಭಾವ ಎದ್ದು ನಿಂತರು. “ಎಸಿ ಅಂದರೆ ಎಂತ? ನಿಮ್ಮ ಮನೆಯ ಸೆಕೆಯನ್ನು ಪಕ್ಕದವನ ಕಿಟಕಿಗೆ ಬಿಸಾಡುವ ಯಂತ್ರ! ನನ್ನ ಮನೆಯ ಸೆಕೆ ನನ್ನದು. ನಾನದನ್ನು ಯಾರ ಮೇಲೂ ಬಿಸಾಡುವವನಲ್ಲ. ಪ್ರಾಣ ಹೋದರೂ ಎಸಿ ಹಾಕುವುದಿಲ್ಲ!” ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಕೆಲಸ ಕೆಟ್ಟಿತು. ಚಪ್ಪಾಳೆ ಬಿದ್ದ ಮಾತನ್ನು ಭಾವ ಇಷ್ಟರವರೆಗೆ ವಾಪಸು ತೆಗೆದುಕೊಂಡದ್ದಿಲ್ಲ.

ಆದರೆ ಆ ಮನೆಯಲ್ಲಿ ಭಾವನ ತಾಯಿ ಭಾರ್ಗವಿಯಮ್ಮ ಇದ್ದರು. ಎಂಬತ್ತು ದಾಟಿದ ಜೀವ. ಅವರ ಕೋಣೆ ಪಡುಬದಿಯಲ್ಲಿ. ಈ ವರ್ಷದ ಸೆಕೆಗೆ ಅವರ ಬೆನ್ನಿನಲ್ಲಿ ಬೆವರುಸಾಲೆ ಎದ್ದು, ಊಟ ಸೇರದೆ, ನಿದ್ದೆಯಿಲ್ಲದೆ ಸೊರಗಿಹೋದರು. ತುಳುವರ ಹೊಸವರ್ಷದ ಬಿಸು ಹಬ್ಬಕ್ಕೆ ಬಂದ ವಿಷ್ಣುಪ್ರಸಾದ ನೋಡಿ ಕೆಂಡವಾದ. “ಅಣ್ಣ, ಇದು ಮನೆಯಾ, ಹಂಚಿನ ಕಾರ್ಖಾನೆಯ ಗೂಡಾ? ಒಂದು ತಿಂಗಳು ನೋಡ್ತೇನೆ. ಆಗದಿದ್ದರೆ ಅಮ್ಮನನ್ನು ದೇವಸ್ಥಾನದ ಮನೆಗೆ ಕರಕೊಂಡು ಹೋಗ್ತೇನೆ.”

ಅವನು ಹೋದ ಮೇಲೆ ಅಮ್ಮ ನನ್ನ ಅಕ್ಕನ ಕೈ ಹಿಡಿದು ಅತ್ತರಂತೆ. ದೇವಸ್ಥಾನದ ಮನೆಯಲ್ಲಿ ಮಿಂದು ಮಡಿಯುಟ್ಟ ಮೇಲೆಯೇ ಕಾಫಿ. ಇಲ್ಲಿ ಕಾಫಿ ಕುಡಿದ ಮೇಲೆ ಮೀಯುವ ಯೋಚನೆ. ಅಲ್ಲಿ ಟಿವಿಯೇ ಇಲ್ಲ. ಇಲ್ಲಿ ಅಮ್ಮ ಕ್ರಿಕೆಟ್ ನೋಡುತ್ತಾರೆ, ಕ್ಯಾಚು ಬಿಟ್ಟವನಿಗೆ ತುಳುವಿನಲ್ಲಿ ಬೈಯುತ್ತಾರೆ. ಇಡೀ ಆಯುಸ್ಸು ಮಡಿಯಲ್ಲಿ ಕಳೆದ ಹೆಂಗಸಿಗೆ ಕೊನೆಗಾಲದಲ್ಲಿ ಸಿಕ್ಕಿದ ಸ್ವಾತಂತ್ರ್ಯ ಅದು. ಅದು ಹೋಗುವುದು ನಮಗ್ಯಾರಿಗೂ ಬೇಡವಾಗಿತ್ತು.

“ಒಂದು ಎಸಿ ಹಾಕಿಬಿಡಿ ಭಾವ,” ಎಂದೆ.

“ಮಾತು ಕೊಟ್ಟಾಗಿದೆ,” ಎಂದರು.

ದಾರಿ ತೋರಿಸಿದವಳು ಭಾವನ ಮಗಳು ರಂಜಿನಿ. ಅವಳು ಆರ್ಕಿಟೆಕ್ಟು. “ಅಪ್ಪ, ನಮ್ಮ ಸ್ಲ್ಯಾಬು ಹಗಲಿಡೀ ಬಿಸಿಲು ಕುಡಿದು ಸಂಜೆಯಿಂದ ಅಜ್ಜಿಯ ಮೇಲೆ ಕಾರ್ತದೆ. ಅದೂ ಒಂದು ಥರ್ಮಲ್ ಸ್ಟೋರೇಜೇ, ಆದರೆ ಉಲ್ಟಾ. ಬಿಸಿಯ ಬದಲು ತಂಪನ್ನು ಸ್ಟೋರ್ ಮಾಡಿ ಇಡ್ಬೇಕು. ದೊಡ್ಡ ಕಟ್ಟಡಗಳಲ್ಲಿ ರಾತ್ರಿ ಐಸ್ ಮಾಡಿ ಟ್ಯಾಂಕಿಯಲ್ಲಿ ಇಟ್ಟು, ಹಗಲು ಅದು ಕರಗುವಾಗ ಆ ತಂಪನ್ನು ಕೋಣೆಗಳಿಗೆ ಬಿಡ್ತಾರೆ. ಮೇಣ, ಎಣ್ಣೆ ಹಾಗಿನ ವಸ್ತುಗಳನ್ನು ಗೋಡೆಯ ಒಳಗೆ ತುಂಬುವುದೂ ಉಂಟು. ಅವು ಕರಗುವಾಗ ಬಿಸಿಯನ್ನು ಎಳಕೊಳ್ತವೆ. ಆದರೆ ಇದನ್ನೆಲ್ಲ ಕಟ್ಟಡದ ಡಿಸೈನ್ ಮಾಡುವಾಗಲೇ...”

ಭಾವ ‘ಎಣ್ಣೆ’ಯವರೆಗೆ ಕೇಳಿ ಎದ್ದುಹೋಗಿದ್ದರು. ಮರುದಿನ ಅಮ್ಮನ ಕೋಣೆಯ ಅಟ್ಟದಲ್ಲಿ ತೆಂಗಿನೆಣ್ಣೆಯ ಡಬ್ಬಗಳು ಸಾಲಾಗಿ ಕೂತಿದ್ದವು. ಎಣ್ಣೆ ರಾತ್ರಿ ಗಟ್ಟಿಯಾಗಿ ಹಗಲು ಕರಗಬೇಕೆಂಬುದು ಯೋಜನೆ. ಮಂಗಳೂರಿನ ಏಪ್ರಿಲಿನಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಬೇಕಾದರೆ ಅದನ್ನು ಬಸ್ಸು ಹತ್ತಿಸಿ ಮಡಿಕೇರಿಗೆ ಕಳಿಸಬೇಕು. ಅದು ಹಗಲೂ ನೀರು, ರಾತ್ರಿಯೂ ನೀರು. ಒಂದು ಡಬ್ಬ ಒಡೆದು ಅಮ್ಮನ ತಲೆಯ ಮೇಲೆ ತೊಟ್ಟಿಕ್ಕಿದಾಗ ಅವರು ಮಾತ್ರ ಬೇಜಾರು ಮಾಡಲಿಲ್ಲ. “ಇರ್ಲಿ, ಹೇಗೂ ಎಣ್ಣೆಸ್ನಾನ ಮಾಡದೆ ಸುಮಾರು ಸಮಯ ಆಗಿತ್ತು,” ಎಂದರು.

ಆಮೇಲೆ ಐಸ್. ಐಸಿಗೆ ಶಾಖ ತಾಗದ ಪೆಟ್ಟಿಗೆ ಬೇಕು. ಮಂಗಳೂರಿನಲ್ಲಿ ಅಂಥ ಪೆಟ್ಟಿಗೆ ಇರುವುದು ಎಲ್ಲಿ? ಬೆಂಗ್ರೆಯಲ್ಲಿ, ಮೀನಿನ ಬೋಟುಗಳಲ್ಲಿ. ಭಾವನ ಹಳೇ ದೋಸ್ತಿ ದೂಮಪ್ಪಣ್ಣನಿಗೆ ಒಂದು ಕಾಲದಲ್ಲಿ ಸ್ವಂತ ಬೋಟಿತ್ತು, ಈಗ ಪಿಕಪ್ಪಿನಲ್ಲಿ ಐಸ್ ಸಾಗಿಸುತ್ತಾನೆ. ಅವನು ತನ್ನ ಬೋಟಿನ ಹಳೆಯ ಫೈಬರ್ ಪೆಟ್ಟಿಗೆಯನ್ನು ಕೂಳೂರು ಸೇತುವೆ ದಾಟಿಸಿ ತಂದು, ಹಗ್ಗ ಕಟ್ಟಿ ನಮ್ಮ ಟೆರೇಸಿಗೆ ಎಳೆದು ಕೂರಿಸಿದ. ದನದ ಕರು ನಿಲ್ಲುವಷ್ಟು ದೊಡ್ಡದು. ಬದಿಯಲ್ಲಿ ನೀಲಿ ಅಕ್ಷರದಲ್ಲಿ ‘ಮತ್ಸ್ಯಗಂಧಿ’ ಎಂದು ಬರೆದಿತ್ತು. ಆ ಬರಹಕ್ಕೆ ಒಂದು ಕೈ ಬಣ್ಣ ಬಳಿದುಬಿಡಿ ಎಂದೆ. “ಪೇಂಟ್ ಬಳಿದರೆ ಬಿಸಿಲು ಹೀರ್ತದೆ,” ಎಂದರು ಭಾವ.

ಪೆಟ್ಟಿಗೆಯಿಂದ ಅಮ್ಮನ ಕೋಣೆಗೆ ಒಂದು ಪೈಪು, ಕೋಣೆಯಿಂದ ಪೆಟ್ಟಿಗೆಗೆ ಒಂದು ಪೈಪು, ನಡುವೆ ಒಂದು ಸಣ್ಣ ಪಂಪು. ಕಿಟಕಿಯಲ್ಲಿ ಗುಜರಿಯಿಂದ ತಂದ ಕಾರಿನ ರೇಡಿಯೇಟರು, ಅದರ ಹಿಂದೆ ಟೇಬಲ್ ಫ್ಯಾನು, ಅದರ ಕೆಳಗೆ ಹನಿ ಬೀಳಲಿಕ್ಕೆ ಒಂದು ಬಾಲ್ದಿ. ನಕ್ಷೆ ರಂಜಿನಿಯದ್ದು, ಅದನ್ನು ಕೆಡಿಸಿದ್ದು ಭಾವ. ಆಶ್ಚರ್ಯವೆಂದರೆ ಅದು ಕೆಲಸ ಮಾಡಿತು! ಮೊದಲ ದಿನ ಅಮ್ಮ ಮಧ್ಯಾಹ್ನ ಮಲಗಿದವರು ಸಂಜೆ ದೀಪ ಹಚ್ಚುವಾಗ ಎದ್ದರು.

ಇಷ್ಟಕ್ಕೇ ನಿಂತಿದ್ದರೆ ನನಗೆ ಇದನ್ನು ಬರೆಯುವ ಕೆಲಸ ಇರುತ್ತಿರಲಿಲ್ಲ. ಆದರೆ ಭಾವನಿಗೆ ಸಾಧನೆಯನ್ನು ಜಗತ್ತಿಗೆ ತಿಳಿಸಬೇಕಲ್ಲ? ‘ಥರ್ಮಲ್’ ಎಂದರೆ ಬಿಸಿ ಎಂದುಕೊಂಡು ಜನ ಹೆದರಿಯಾರು ಎಂದು ತಾವೇ ಶಬ್ದ ತಿದ್ದಿ, ಅಸೋಸಿಯೇಶನ್ನಿನ ವಾಟ್ಸಾಪ್ ಗುಂಪಿಗೆ ಗಂಭೀರ ಧ್ವನಿಯಲ್ಲಿ ಒಂದು ವಾಯ್ಸ್ ಮೆಸೇಜು ಬಿಟ್ಟರು.

“ಎಲ್ಲರಿಗೂ ನಮಸ್ಕಾರ. ನಾನು ಟೆರೇಸಿನಲ್ಲಿ ಕೋಲ್ಡ್ ಸ್ಟೋರೇಜ್ ಶುರು ಮಾಡಿದ್ದೇನೆ. ದಿನಾ ಬೆಳಿಗ್ಗೆ ಬೆಂಗ್ರೆಯಿಂದ ಮಾಲು ಬರ್ತದೆ. ಯಾರೂ ಹೆದರುವ ಅಗತ್ಯ ಇಲ್ಲ. ಚೆನ್ನಾಗಿ ನಡೆದರೆ ಮುಂದೆ ಎಲ್ಲ ಮನೆಗಳಿಗೂ ಕೊಡುವ ಯೋಚನೆ ಉಂಟು.”

ಮಂಗಳೂರಿನಲ್ಲಿ ಕೋಲ್ಡ್ ಸ್ಟೋರೇಜ್ ಎಂದರೆ ಎಂತ ಎಂದು ಹಾಲು ಕುಡಿಯುವ ಮಗುವಿಗೂ ಗೊತ್ತು. ಬೀದಿಗೊಂದು ಉಂಟು. ಗಾಜಿನ ಬಾಗಿಲು, ಒಳಗೆ ಕೋಳಿ, ಕುರಿ, ಮೀನು. ಭಾವನಿಗೂ ಗೊತ್ತಿಲ್ಲದ್ದಲ್ಲ. ಆದರೆ ಅವರು ಆ ಹೊತ್ತಿನಲ್ಲಿ ವಿಜ್ಞಾನಿಯಾಗಿದ್ದರು, ವಿಜ್ಞಾನಿಗಳು ಅಂಗಡಿಯ ಬೋರ್ಡು ಓದುವುದಿಲ್ಲ.

ಮರುದಿನ ಬೆಳಿಗ್ಗೆ ಎಲ್ಲಕ್ಕಿಂತ ಕೆಳಗಿನ ಮನೆಯ ಗೆರ್ಟ್ರೂಡ್ ಬಾಯಿ ಸ್ಟೀಲಿನ ಪಾತ್ರೆ ಹಿಡಿದುಕೊಂಡು ಮೇಲೆ ಬಂದರು. ಒಳ್ಳೆಯ ಹೆಂಗಸು. ಮೀನಿಲ್ಲದ ಊಟವನ್ನು ಅವರು ಉಪವಾಸದ ಲೆಕ್ಕಕ್ಕೆ ಹಾಕುತ್ತಾರೆ.

“ಮಾಸ್ಟ್ರೇ, ಖುಷಿ ಆಯ್ತು. ನನಗೆ ಸ್ವಲ್ಪ ತೆಗೆದಿಡಿ ಆಯ್ತಾ?”

“ಬಾಯಿ, ಅದನ್ನು ಪಾತ್ರೆಯಲ್ಲಿ ಕೊಡ್ಲಿಕ್ಕೆ ಆಗುದಿಲ್ಲ. ಪೈಪಿನಲ್ಲಿ ಬರ್ಬೇಕು.”

“ಪೈಪಿನಲ್ಲಾ?”

“ಹೌದು. ಸದ್ಯಕ್ಕೆ ಅಮ್ಮನಿಗೆ ಮಾತ್ರ ಕೊಡ್ತಾ ಇದ್ದೇನೆ.”

“ಭಾರ್ಗವಿಯಮ್ಮನಿಗಾ!” ಗೆರ್ಟ್ರೂಡ್ ಬಾಯಿಯ ಕೈ ಹಣೆಗೂ ಎದೆಗೂ ಹೋಗಿ ಶಿಲುಬೆಯ ಗುರುತು ಮಾಡಿತು. “ಜೆಜು! ಈ ಪ್ರಾಯದಲ್ಲಿ ಅವರಿಗೆ ಒಗ್ತದಾ ಮಾಸ್ಟ್ರೇ?”

“ಒಗ್ಗದೆ ಎಂತ? ಮೊದಲು ಸ್ವಲ್ಪ ಸ್ವಲ್ಪ ಕೊಟ್ಟದ್ದು. ಈಗ ಅವರೇ ಇನ್ನೂ ಬೇಕು ಅಂತಾರೆ. ಇಷ್ಟು ವರ್ಷ ಯಾಕೆ ಕೊಡ್ಲಿಲ್ಲ ಅಂತ ನನಗೇ ಬೈತಾರೆ.”

ಗೆರ್ಟ್ರೂಡ್ ಬಾಯಿ ಖಾಲಿ ಪಾತ್ರೆಯೊಂದಿಗೆ ಇಳಿದುಹೋದರು. ಹೋಗುವಾಗ ಪ್ರತಿಯೊಂದು ಮಾಳಿಗೆಯಲ್ಲೂ ನಿಂತು ಹೋದರು. ಅವರು ತಮ್ಮ ಬಾಗಿಲು ಮುಟ್ಟುವ ಮೊದಲೇ ಎಂಬತ್ತು ದಾಟಿದ ಭಾರ್ಗವಿಯಮ್ಮ ಮೀನು ತಿನ್ನಲು ಶುರು ಮಾಡಿದ ಸುದ್ದಿ ವಾಚ್‌ಮನ್ನಿನ ಕುರ್ಚಿಯವರೆಗೆ ಮುಟ್ಟಿತ್ತು.

ಆಮೇಲೆ ಸಾಕ್ಷಿ ಹೇಳಲು ಬೆಕ್ಕುಗಳು ಬಂದವು. ದೂಮಪ್ಪಣ್ಣ ಪೆಟ್ಟಿಗೆಯನ್ನು ಸಾಬೂನು ಹಾಕಿ ಎಷ್ಟು ತಿಕ್ಕಿದರೂ, ಜೀವಮಾನವಿಡೀ ಬಂಗುಡೆ ಮೀನು ಹೊತ್ತ ಪೆಟ್ಟಿಗೆ ಅಷ್ಟು ಸುಲಭದಲ್ಲಿ ತನ್ನ ನೆನಪು ಬಿಡುತ್ತದೆಯೇ? ದೇರೆಬೈಲಿನ ಸಮಸ್ತ ಬೆಕ್ಕುಗಳು ಟೆರೇಸಿನಲ್ಲಿ ಸಭೆ ಸೇರಿದವು. ಮೇಲೆ ಗಿಡುಗಗಳು ಸುತ್ತು ಹೊಡೆಯತೊಡಗಿದವು. ಐಸಿನ ದಿಮ್ಮಿಗಳು ಬಂದುಹೋದ ಲಿಫ್ಟು ಮಧ್ಯಾಹ್ನದವರೆಗೆ ತೊಟ್ಟಿಕ್ಕುತ್ತಿತ್ತು. ನನ್ನ ಹೆಂಡತಿಯೇ ಒಂದು ದಿನ, “ನಿಮ್ಮ ಭಾವ ನಮ್ಮತ್ರ ಹೇಳದೆ ಏನಾದರೂ...” ಎಂದು ಶುರು ಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

ಆ ವಾರವೇ ಅಸೋಸಿಯೇಶನ್ ಅಧ್ಯಕ್ಷ ಕ್ಯಾಲ್ವಿನ್, ಎಂದರೆ ನಾವೆಲ್ಲ ಮರ್ಯಾದೆಗೆ ಪೊರ್ಬುಗಳು ಎನ್ನುವವರು, ವಿಚಾರಣೆಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಕ್ಯಾಲ್ವಿನ್ನರಿಗೆ ಮೀನಿನ ಮೇಲೆ ಪ್ರೀತಿ ಉಂಟು, ಆದರೆ ರೂಲ್ಸಿನ ಮೇಲೆ ಇರುವುದು ಭಕ್ತಿ. ವಸತಿ ಕಟ್ಟಡದ ಟೆರೇಸಿನಲ್ಲಿ ವ್ಯಾಪಾರ ಮಾಡುವ ಹಾಗಿಲ್ಲ ಎಂಬುದು ಅವರ ಆಕ್ಷೇಪ. ಭಾವ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಾಗಿಲ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಚಿತ್ರ ಬರೆದು, ಗಂಟೆಗಟ್ಟಲೆ ವಿವರಿಸಿದರು. “ಐಸ್ ಕರಗುವಾಗ ಸುತ್ತಲಿನ ಬಿಸಿಯನ್ನು ಒಳಗೆ ಎಳಕೊಳ್ತದೆ. ಎಳಕೊಂಡದ್ದು ಹೊರಗೆ ಕಾಣುದಿಲ್ಲ. ಅದಕ್ಕೆ ಗುಪ್ತೋಷ್ಣ ಅಂತ ಹೆಸರು. ಅರ್ಥ ಆಯ್ತಾ?”

ಕ್ಯಾಲ್ವಿನ್ ಮುಂದಕ್ಕೆ ಬಾಗಿದರು. “ಅದೇ ಮಾಸ್ಟ್ರೇ. ಗುಪ್ತವಾಗಿ ಎಂತ ಇಟ್ಟಿದ್ದೀರಿ? ಸತ್ಯ ಹೇಳಿ, ಒಳಗೆ ಮೀನುಂಟಾ, ಇಲ್ವಾ?”

ಭಾವನ ಮುಖ ನೋಡಬೇಕಿತ್ತು. ಇಡೀ ಪಾಠ ಕೇಳಿದ ವಿದ್ಯಾರ್ಥಿ ಕೊನೆಗೆ ಪಾಠದ ಹೆಸರೇನೆಂದು ಕೇಳಿದರೆ ಮಾಸ್ಟ್ರಿಗೆ ಹೇಗಾದೀತೋ ಹಾಗಾಗಿತ್ತು. ಸೀಮೆಸುಣ್ಣ ಕೆಳಗಿಟ್ಟರು. “ಪಾಠ ಮುಗೀತು ಪೊರ್ಬುಗಳೇ. ಒಮ್ಮೆ ಹೇಳಿದ್ದನ್ನು ನಾನು ಎರಡನೇ ಸಲ ಹೇಳುವವನಲ್ಲ.”

“ಹಾಗಾದರೆ ಮುಚ್ಚಳ ತೆಗೆದು ತೋರಿಸಿ.”

“ಹಗಲು ಮುಚ್ಚಳ ತೆಗೆಯುವ ಹಾಗೇ ಇಲ್ಲ. ತೆಗೆದರೆ ತಂಪು ಹೋಗ್ತದೆ. ಬೆಳಿಗ್ಗೆ ಮಾಲು ಬರುವಾಗ ಒಂದೇ ಸಲ ತೆಗೆಯುದು. ನೀವೆಲ್ಲ ಏಳುವ ಮೊದಲು.”

ತಪ್ಪಿತಸ್ಥ ಎಂದು ತೋರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉತ್ತರ ಯಾವ ವಕೀಲನಿಗೂ ಹೊಳೆಯಲಾರದು. ಕ್ಯಾಲ್ವಿನ್ ಹೊರಟ ಮೇಲೆ ನಾನು ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿ, “ಮೀನು ಗೀನು ಎಂತದೂ ಇಲ್ಲ, ನಾನೇ ನೋಡಿದ್ದೇನೆ, ಬರೀ ಐಸು,” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಓ, ನೀವೂ ಪಾರ್ಟ್‌ನರಾ?” ಎಂದರು. ಅಂದಿನಿಂದ ನಾನು ಯಾರಿಗೂ ಸತ್ಯ ಹೇಳಲು ಹೋಗಲಿಲ್ಲ. ಭಾವನಿಗೇ ಕೈಮುಗಿದೆ. “‘ಮೀನಿಲ್ಲ’ ಅಂತ ಒಂದು ಮಾತು ಹೇಳಿಬಿಡಿ ಭಾವ. ಎಲ್ಲ ಮುಗೀತದೆ.”

“ಹೇಳುದಿಲ್ಲ.”

“ಎಂತ ಹಠ ಇದು?”

“ಹಠ ಅಂತಲೇ ಇಟ್ಟುಕೋ.”

ಎಲ್ಲವೂ ಒಟ್ಟಿಗೆ ಸ್ಫೋಟವಾದದ್ದು ಮೇ ತಿಂಗಳ ಒಂದು ಆದಿತ್ಯವಾರ. ಆ ದಿನ ದೂಮಪ್ಪಣ್ಣನ ಪಿಕಪ್ಪು ಕೂಳೂರು ಸೇತುವೆಯ ಬ್ಲಾಕಿನಲ್ಲಿ ಸಿಕ್ಕಿಬಿದ್ದು ತಡವಾಗಿ ಬಂತು. ಐಸು ಪೆಟ್ಟಿಗೆಗೆ ಇಳಿದು ಮುಚ್ಚಳ ಬಿದ್ದ ಮೇಲೆ ಸ್ವಲ್ಪ ಹೊತ್ತಿನಲ್ಲಿ ದೂಮಪ್ಪಣ್ಣನ ಹೆಂಡತಿ ಅಕ್ಕು ನಮ್ಮ ಗೇಟು ತಳ್ಳಿಕೊಂಡು ಬಂದಳು. ಸೊಂಟದಲ್ಲಿ ಮೀನಿನ ಖಾಲಿ ಬುಟ್ಟಿ. ಅವಳ ಹತ್ತಿರ ಕಾಯಂ ಮೀನು ಕೊಳ್ಳುವವರು ಗೆರ್ಟ್ರೂಡ್ ಬಾಯಿ. ಸುದ್ದಿ ಯಾವ ದಾರಿಯಲ್ಲಿ ಹೋಯಿತೆಂದು ಹೇಳಬೇಕಾಗಿಲ್ಲ.

“ಎಲ್ಲಿ ಆ ಮಾಸ್ಟ್ರು?” ಅವಳ ಸ್ವರ ಟೆರೇಸಿನವರೆಗೆ ಅವಳಿಗಿಂತ ಮೊದಲು ಹತ್ತಿತು. “ಮಕ್ಕಳಿಗೆ ಪಾಠ ಹೇಳಿದವರು ಈಗ ನನ್ನ ಹೊಟ್ಟೆಗೆ ಹೊಡೀಲಿಕ್ಕೆ ಅಂಗಡಿ ಇಟ್ಟಿದ್ದಾರಾ? ಅದಕ್ಕೆ ನನ್ನ ಗಂಡನೇ ಐಸ್ ಹೊರುದಾ?”

“ಬರೀ ಐಸು ಮಾರಾಯ್ತಿ, ಮೀನಿಲ್ಲ!” ಎಂದ ದೂಮಪ್ಪಣ್ಣ.

“ಮೀನಿಲ್ಲದೆ ಐಸ್ ಯಾರಿಗೆ ಬೇಕು? ಸುಳ್ಳು ಹೇಳ್ಲಿಕ್ಕೂ ಒಂದು ಲೆಕ್ಕ ಬೇಡ್ವಾ?”

ಅವಳ ಹಿಂದೆಯೇ ಕ್ಯಾಲ್ವಿನ್ ಬಂದರು. ಜೊತೆಯಲ್ಲಿ ನಗರಪಾಲಿಕೆಯ ಹೆಲ್ತ್ ಇನ್‌ಸ್ಪೆಕ್ಟರ್ ಶಬ್ನಮ್ ಮೇಡಂ. ಆದಿತ್ಯವಾರವೂ ಅವರನ್ನು ಮನೆಯಲ್ಲಿ ಕೂರಲು ಬಿಟ್ಟಿರಲಿಲ್ಲ ನಮ್ಮ ಅಧ್ಯಕ್ಷರು. ಬೆಕ್ಕುಗಳನ್ನೂ ಗಿಡುಗಗಳನ್ನೂ ನೋಡಿ ಮೇಡಂ ಹಣೆ ಒರೆಸಿಕೊಂಡರು. “ಸರ್, ಲೈಸೆನ್ಸ್ ಇಲ್ಲದೆ ಮೀನು ಮಾರುವ ಹಾಗಿಲ್ಲ. ಮುಚ್ಚಳ ತೆಗೆದು ತೋರಿಸಿ, ಒಂದು ನಿಮಿಷದ ಕೆಲಸ. ಇಲ್ಲದಿದ್ರೆ ಪೆಟ್ಟಿಗೆಯನ್ನೇ ತೆಗೆಸಬೇಕಾಗ್ತದೆ.”

“ತೆಗೆಸಿ,” ಎಂದರು ಭಾವ, ಮುಚ್ಚಳದ ಮೇಲೆ ಹತ್ತಿ ಕೂತುಕೊಂಡು.

ಅಷ್ಟರಲ್ಲಿ ವಿಷ್ಣುಪ್ರಸಾದ. ಪೂಜೆ ಮುಗಿಸಿ ಬಂದವನ ಮೈಮೇಲೆ ಇನ್ನೂ ಗಂಧ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಮ್ಮನನ್ನು ಕರೆದೊಯ್ಯಲು ಕೆಳಗೆ ಕಾರು ನಿಲ್ಲಿಸಿಯೇ ಬಂದಿದ್ದ. ಅಮ್ಮ ಮೀನು ತಿನ್ನುತ್ತಾರೆಂಬ ಸುದ್ದಿ ದೇವಸ್ಥಾನದ ಅಂಗಳದಲ್ಲಿ ಯಾರೋ ಭಕ್ತರು ತೀರ್ಥ ತೆಗೆದುಕೊಳ್ಳುವಾಗ ಅವನ ಕಿವಿಗೆ ಹಾಕಿದ್ದರು. ಪೆಟ್ಟಿಗೆಯ ಮೇಲಿನ ನೀಲಿ ಅಕ್ಷರ ಓದಿದ. “ಮತ್ಸ್ಯಗಂಧಿ! ಅಣ್ಣ, ನಮ್ಮ ಮನೆತನ ಎಂತ, ನೀನು ಕೂತದ್ದು ಯಾವುದರ ಮೇಲೆ? ಛೀ! ಮೀನಿನ ಪೆಟ್ಟಿಗೆ!”

ಮೇ ತಿಂಗಳ ಟೆರೇಸಿನಲ್ಲಿ ಬರಿಗಾಲಲ್ಲಿ ನಿಂತು ಮನೆತನದ ಗೌರವ ಕಾಪಾಡುವುದು ಸುಲಭವಲ್ಲ. ಕಾದ ಸ್ಲ್ಯಾಬಿನ ಮೇಲೆ ತಂಪಾದ ಜಾಗ ಎಂದು ಇದ್ದದ್ದು ಒಂದೇ, ಪೆಟ್ಟಿಗೆಯಿಂದ ನೀರು ಸೋರಿ ಒದ್ದೆಯಾದ ಮೂಲೆ. ನಾವೆಲ್ಲ ಮೆಲ್ಲಗೆ ಆ ಒದ್ದೆಯ ಹತ್ತಿರ ಸರಿದಿದ್ದೆವು. ಬೆಕ್ಕುಗಳೂ ಅಲ್ಲೇ. ವಿಷ್ಣುಪ್ರಸಾದ ಮಾತ್ರ ಮೀನಿನ ನೀರು ತುಳಿಯಲಾರೆನೆಂದು ಒಣ ಸಿಮೆಂಟಿನ ಮೇಲೆ ಒಂದು ಕಾಲು ಎತ್ತಿ ಒಂದು ಕಾಲು ಇಳಿಸಿ ಮಾತಾಡುತ್ತಿದ್ದ. ಕೋಪದ ಮಾತಿಗೂ ಕಾಲಿಗೂ ತಾಳ ಸರಿಯಾಗಿ ಕೂಡುತ್ತಿತ್ತು.

ದೂಮಪ್ಪಣ್ಣ ತಲೆ ತಗ್ಗಿಸಿ ನಿಂತಿದ್ದ. ‘ಛೀ’ ಎಂಬ ಮಾತು ಅವನಿಗೆ ತಾಗಿತ್ತು. ಆದರೂ ಮೆಲ್ಲಗೆ ಹೇಳಿದ, “ಮಾಸ್ಟ್ರೇ, ನನಗೆ ಬೇಜಾರಿಲ್ಲ. ತೆಗೆದು ತೋರಿಸಿಬಿಡಿ.”

“ನಿನಗಿಲ್ಲದಿದ್ರೆ ನನಗುಂಟು ದೂಮಪ್ಪಣ್ಣ!” ಭಾವ ಗುಡುಗಿದರು. ತಮ್ಮನ ಕಡೆ ತಿರುಗಿದರು. “ವಿಷ್ಣು, ಬೆಂಗ್ರೆಗೆ ಹೋಗುವಾಗ ಫೆರ್ರಿ ತಪ್ಪಿದ ದಿನ ನಾನು ಶಾಲೆಗೆ ಮುಟ್ಟಿದ್ದು ಹೇಗೆ ಗೊತ್ತುಂಟಾ? ಇವನ ದೋಣಿಯಲ್ಲಿ. ಒಂದು ಬದಿಯಲ್ಲಿ ಬೂತಾಯಿ ಮೀನು, ಒಂದು ಬದಿಯಲ್ಲಿ ನಾನು. ಹಾಗೆ ದುಡಿದದ್ದರಲ್ಲೇ ನೀನು ಮಂತ್ರ ಕಲ್ತದ್ದು. ಆಗ ನಿನ್ನ ಮಂತ್ರಕ್ಕೆ ಮೈಲಿಗೆ ಆಗಿರ್ಲಿಲ್ಲ, ಈಗ ಅಮ್ಮನಿಗೆ ತಾಗುವ ತಂಪಿಗೆ ಮೈಲಿಗೆಯಾ? ಇವನ ಎದುರು ನಿಂತು, ‘ಅಯ್ಯೋ, ಮೀನಿಲ್ಲ, ನಾನು ಶುದ್ಧ’ ಅಂತ ಮುಚ್ಚಳ ತೆಗೆದು ತೋರಿಸ್ಬೇಕಾ ನಾನು? ತೋರಿಸುದಿಲ್ಲ! ಉಂಟು ಅಂತಲೂ ಹೇಳುದಿಲ್ಲ, ಇಲ್ಲ ಅಂತಲೂ ಹೇಳುದಿಲ್ಲ. ಯಾರು ಏನು ಬೇಕಾದ್ರೂ ಮಾಡಿ!”

ಈ ಮನುಷ್ಯನ ಮೇಲೆ ನನಗೆ ತಿಂಗಳಿಂದ ಇದ್ದ ಸಿಟ್ಟು ಆ ಕ್ಷಣ ಇಳಿದುಹೋಯಿತು. ಹೆಮ್ಮೆಯಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಅಕ್ಕು ಕೂಡ ಬುಟ್ಟಿಯನ್ನು ಸೊಂಟದಿಂದ ಇಳಿಸಿದಳು.

“ಆಯ್ತು,” ಎಂದ ವಿಷ್ಣುಪ್ರಸಾದ, ಕಾಲು ಬದಲಿಸುತ್ತ. “ನಿನ್ನತ್ರ ಮಾತಿಲ್ಲ. ಅಮ್ಮನತ್ರ ಹೇಳ್ತೇನೆ. ಇದು ಮೀನಿನ ತಂಪು ಅಂತ ಗೊತ್ತಾದರೆ ಅವರು ಒಂದು ಗಳಿಗೆ ನಿಲ್ಲುದಿಲ್ಲ ಇಲ್ಲಿ.”

ಅವನು ಧಡಧಡ ಇಳಿದ. ಅವನ ಹಿಂದೆ ನಾವೆಲ್ಲರೂ. ಭಾವ ಮುಚ್ಚಳದಿಂದ ಇಳಿದು ಬರುವಾಗ ಮೊದಲ ಬಾರಿಗೆ ಅವರ ಮುಖದಲ್ಲಿ ಹೆದರಿಕೆ ಕಂಡೆ. ಮಡಿಯ ವಿಷಯದಲ್ಲಿ ಅಮ್ಮನ ಕಟ್ಟುನಿಟ್ಟು ಎಂಥದ್ದು ಎಂದು ಅವರಿಗೆ ಗೊತ್ತಿತ್ತು. ಒಂದು ಕಾಲದಲ್ಲಿ ಶಾಲೆಯಿಂದ ಬಂದ ಭಾವನನ್ನು ಬಾವಿಕಟ್ಟೆಯಲ್ಲಿ ಮೀಯಿಸದೆ ಹೊಸ್ತಿಲು ದಾಟಿಸಿದವರಲ್ಲ ಅವರು.

ಅಮ್ಮನ ಕೋಣೆಯ ಬಾಗಿಲು ತೆರೆದದ್ದೇ ಎಲ್ಲರ ಬಾಯಿ ಮುಚ್ಚಿತು. ತಂಪು! ಎಸಿಯ ಹಾಗೆ ಮುಖಕ್ಕೆ ಹೊಡೆಯುವ ತಂಪಲ್ಲ, ಸುಮ್ಮನೆ ಬಂದು ಮೈಗೆ ಕೂತುಕೊಳ್ಳುವ ತಂಪು. ಕೊನೆಯಲ್ಲಿ ಬಂದ ಕ್ಯಾಲ್ವಿನ್ ಯಾರೂ ಹೇಳದೆ ಬಾಗಿಲು ಮುಚ್ಚಿದರು. ಶಬ್ನಮ್ ಮೇಡಂ ಸ್ಟೂಲು ಹುಡುಕಿ ಕೂತರು. ದೂಮಪ್ಪಣ್ಣ ಬಾಗಿಲ ಬದಿಯಲ್ಲಿ ನಿಂತ. ಗದ್ದಲ ಕೇಳಿ ಹತ್ತಿ ಬಂದ ಗೆರ್ಟ್ರೂಡ್ ಬಾಯಿಯೂ ಅಕ್ಕುವೂ ನೆಲದಲ್ಲೇ ಕಾಲು ಚಾಚಿದರು. ಸ್ವಲ್ಪ ಹೊತ್ತು ಯಾರಿಗೂ ತಾವು ಯಾಕೆ ಬಂದದ್ದೆಂದು ನೆನಪಾಗಲಿಲ್ಲ. ಅಮ್ಮ ಮಂಚದಲ್ಲಿ ಒರಗಿ ಕ್ರಿಕೆಟ್ ನೋಡುತ್ತಿದ್ದರು. ಇಷ್ಟು ಜನ ಒಟ್ಟಿಗೆ ಬಂದದ್ದು ನೋಡಿ ಅವರು ಟಿವಿಯ ಸ್ವರ ತಗ್ಗಿಸಿದರು.

ಮೊದಲು ಎಚ್ಚತ್ತವರು ಮೇಡಂ. ಎಷ್ಟಾದರೂ ಸರಕಾರಿ ಕೆಲಸ. “ಈ ಸರ್ ಇಲ್ಲಿ ಮೀನು ಮಾರ್ತಾರಾ? ಯಾರಾದರೂ ತೆಗೊಂಡದ್ದು ಉಂಟಾ?”

“ಮಾರುದಾ?” ಗೆರ್ಟ್ರೂಡ್ ಬಾಯಿಯ ಬಹುದಿನದ ಸಿಟ್ಟು ಹೊರಗೆ ಬಂತು. “ಪಾತ್ರೆ ಹಿಡ್ಕೊಂಡು ಎಷ್ಟು ಸಲ ಮೇಲೆ ಹತ್ತಿದ್ದೇನೆ ಕೇಳಿ! ನನ್ನ ಮೊಣಕಾಲು ಹೋಯ್ತು! ಒಂದೇ ಒಂದು ಬೂತಾಯಿ ಮಾರ್ಲಿಲ್ಲ ಈ ಮನುಷ್ಯ! ಎಲ್ಲ ಅವರ ಅಮ್ಮನಿಗೇ ಅಂತೆ!”

“ಮಾರುದಿಲ್ಲವಾದ್ರೆ ಲೈಸೆನ್ಸ್ ಬೇಡ. ಮನೆಗೆ ಎಂತ ಬೇಕಾದ್ರೂ ತಂದಿಟ್ಟುಕೊಳ್ಳಿ,” ಎಂದರು ಮೇಡಂ. ಹಾಗೆ ಹೇಳಿದರೂ ಏಳಲಿಲ್ಲ.

“ವ್ಯಾಪಾರ ಅಲ್ಲವಾದ್ರೆ ಅಸೋಸಿಯೇಶನ್ನಿಗೂ ಅಭ್ಯಂತರ ಇಲ್ಲ,” ಎಂದರು ಕ್ಯಾಲ್ವಿನ್, ಅಂಗಿಯ ಗುಂಡಿ ಸಡಿಲಿಸುತ್ತ.

“ಅಂಗಡಿ ಇಲ್ಲವಾದ್ರೆ ನನಗೆಂತ ಜಗಳ?” ಎಂದಳು ಅಕ್ಕು.

ಉಳಿದದ್ದು ವಿಷ್ಣುಪ್ರಸಾದ. ಅವನು ಮಂಚದ ಹತ್ತಿರ ಬಂದು, ಸಾಧ್ಯವಾದಷ್ಟು ಮೃದುವಾಗಿ ಹೇಳಿದ. “ಅಮ್ಮ, ಕಾರು ತಂದಿದ್ದೇನೆ. ಹೊರಡುವ. ನಿಮಗೆ ಗೊತ್ತಿಲ್ಲ, ಈ ತಂಪು ಬರುದು ಎಲ್ಲಿಂದ ಅಂತ. ಮೇಲೆ ಮೀನಿನ ಪೆಟ್ಟಿಗೆ ಉಂಟು ಅಮ್ಮ! ಬೆಂಗ್ರೆಯ ಮೀನಿನ ಪೆಟ್ಟಿಗೆ!”

ಅಮ್ಮ ಕಿಟಕಿಯ ರೇಡಿಯೇಟರನ್ನು ಸ್ವಲ್ಪ ಹೊತ್ತು ನೋಡಿದರು. ಬಾಲ್ದಿಗೆ ಹನಿ ಬೀಳುತ್ತಿತ್ತು. ಆಮೇಲೆ ಭಾವನ ಕಡೆ ತಿರುಗಿದರು. “ಹೌದಾ ರಾಧಾ? ಅದರೊಳಗೆ ಮೀನುಂಟಾ?”

ಅಧ್ಯಕ್ಷರಿಗೆ, ಇನ್‌ಸ್ಪೆಕ್ಟರಿಗೆ, ಒಡಹುಟ್ಟಿದ ತಮ್ಮನಿಗೆ ಹೇಳದ ಉತ್ತರ. ಕೇಳುತ್ತಿರುವವರು ತಾಯಿ. ‘ಇಲ್ಲ’ ಎಂದರೆ ಅಮ್ಮ ಉಳಿದಾರು, ಆದರೆ ಬಾಗಿಲ ಬದಿಯಲ್ಲಿ ದೂಮಪ್ಪಣ್ಣ ನಿಂತಿದ್ದಾನೆ. ಹೇಳದಿದ್ದರೆ ಅಮ್ಮ ಹೋದಾರು. ಭಾವನ ಬಾಯಿ ಅರ್ಧ ತೆರೆಯಿತು.

ಅಮ್ಮ ಕೈ ಎತ್ತಿ ತಡೆದರು.

“ಬೇಡ, ಹೇಳ್ಬೇಡ. ಉಂಟಾದರೆ ಇರ್ಲಿ.”

“ಅಮ್ಮ!” ಎಂದ ವಿಷ್ಣುಪ್ರಸಾದ.

“ಎಂತ ಅಮ್ಮ? ಹದಿನಾರು ವರ್ಷಕ್ಕೆ ಮದುವೆಯಾಗಿ ಬಂದವಳು ನಾನು. ಅಂದಿನಿಂದ ಒದ್ದೆ ಮಡಿ ಉಟ್ಟು, ಹೊಗೆಯ ಅಡಿಗೆಕೋಣೆಯಲ್ಲಿ ನಿಮ್ಮ ನೈವೇದ್ಯಕ್ಕೆ ಬೇಯಿಸಿ ಬೇಯಿಸಿ ನಾನೇ ಬೆಂದುಹೋಗಿದ್ದೇನೆ. ಒಂದು ದಿನ ಯಾರಾದರೂ, ನಿನಗೆ ಸೆಕೆ ಆಗ್ತದಾ ಅಂತ ಕೇಳಿದ್ದುಂಟಾ? ದೇವರು ಕೇಳ್ಲಿಲ್ಲ, ನಿನ್ನ ಅಪ್ಪ ಕೇಳ್ಲಿಲ್ಲ, ನೀನು ಕೇಳ್ಲಿಲ್ಲ. ಇವನೊಬ್ಬ ಕೇಳಿದ. ಒಳಗೆ ಮೀನಿದ್ರೆ ಅದೂ ತಂಪಾಗಿ ಇರ್ಲಿ, ನಾನೂ ಇರ್ತೇನೆ. ಇಲ್ಲಿಂದ ಏಳುದಿಲ್ಲ.”

ಅಮ್ಮ ಕಾಲು ಮಡಚಿ ಗೋಡೆಯ ಬದಿಗೆ ತಿರುಗಿ ಮಲಗಿದರು. ವಿಷ್ಣುಪ್ರಸಾದನ ಹೆಗಲಲ್ಲಿ ದೇವಸ್ಥಾನದ ರೇಷ್ಮೆ ಶಾಲು ಇತ್ತು. ಅಮ್ಮ ತಿರುಗಿ ನೋಡದೆಯೇ ಅದಕ್ಕೆ ಕೈ ಚಾಚಿದರು.

“ನಿಂತದ್ದೆಂತ? ಅದನ್ನು ಇತ್ತ ಕೊಡು. ಚಳಿ ಆಗ್ತದೆ.”

ಮೇ ತಿಂಗಳ ಮಧ್ಯಾಹ್ನ ಮಂಗಳೂರಿನಲ್ಲಿ ಒಬ್ಬರ ಬಾಯಿಂದ ಆ ಮಾತು ಬಂದದ್ದನ್ನು ನಾವೆಲ್ಲ ಕಿವಿಯಾರೆ ಕೇಳಿದೆವು. ವಿಷ್ಣುಪ್ರಸಾದ ಶಾಲು ತೆಗೆದು, ಅಮ್ಮನಿಗೆ ಕತ್ತಿನವರೆಗೆ ಹೊದೆಸಿದ.